ಸೇರಿನ ತಲೆ ಸವರಿದ ಮೇಲೆ

ಬಿ.ಎಸ್ಸಿ. ಓದುವಾಗ ನಾರ್ಮಲ್ ಡಿಸ್ಟ್ರಿಬ್ಯೂಷನ್, ಅಂದರೆ ಅಳತೆಗಳು ಸರಾಸರಿಯ ಹತ್ತಿರ ದಟ್ಟವಾಗಿ, ದೂರ ಹೋದಂತೆ ವಿರಳವಾಗಿ ಹರಡುವ ಬಗೆ, ನನಗೆ ಬಾಯಿಪಾಠವಾಗಿತ್ತು. ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರುತ್ತವೆ ಎಂದು ಹೇಳುವ ಸಂಖ್ಯೆ ಮಾನಕ ವಿಚಲನೆ. ಸರಾಸರಿಯ ಎರಡೂ ಬದಿಗೆ ಒಂದು ಮಾನಕ ವಿಚಲನೆಯೊಳಗೆ ನೂರಕ್ಕೆ 68 ಅಳತೆ, ಎರಡರೊಳಗೆ 95, ಮೂರರೊಳಗೆ 99.7. ಗಂಟೆಯಂಥ ಗೆರೆ ಎಳೆಯುತ್ತಿದ್ದೆ, ಕೋಷ್ಟಕ ನೋಡಿ ಉತ್ತರ ಬರೆಯುತ್ತಿದ್ದೆ, ಅಂಕ ಬರುತ್ತಿತ್ತು. ಆದರೆ ಲೋಕದ ವಸ್ತುಗಳು ಯಾಕೆ ಆ ಗೆರೆಯ ಮಾತು ಕೇಳಬೇಕು? ಅದು ಮಾತ್ರ ತಿಳಿಯುತ್ತಿರಲಿಲ್ಲ.

ದಸರಾ ರಜೆಗೆ ದಾವಣಗೆರೆಯ ಸೋದರಮಾವನ ಮನೆಗೆ ಹೋಗಿದ್ದೆ. ಮಾವನದು ಮಂಡಕ್ಕಿ ವ್ಯಾಪಾರ. ಭಟ್ಟಿಯಿಂದ ಚೀಲಗಟ್ಟಲೆ ತಂದು, ಸೇರಿನಲ್ಲಿ ಅಳೆದು, ಪ್ಯಾಕೆಟ್‌ಗೆ ಸುರಿದು ಸೀಲು ಹಾಕುತ್ತಿದ್ದರು. ಒಂದು ಮಧ್ಯಾಹ್ನ ಎಲೆಕ್ಟ್ರಾನಿಕ್ ತಕ್ಕಡಿ ಮುಂದಿಟ್ಟುಕೊಂಡು 160 ಪ್ಯಾಕೆಟ್ ತೂಗಿದೆ. ಪ್ರತಿ ಗ್ರಾಂಗೂ ಒಂದೊಂದು ಕಂಬ ಎಳೆದೆ. ನಡುವೆ ಒಂದು ಗುಡ್ಡ ಏಳುತ್ತದೆ ಅಂದುಕೊಂಡಿದ್ದವನಿಗೆ ಎದ್ದದ್ದು ಎರಡು ಗುಡ್ಡ: ಒಂದು 98 ಗ್ರಾಂ ಹತ್ತಿರ, ಇನ್ನೊಂದು 113ರ ಹತ್ತಿರ. ನಡುವೆ ಕಣಿವೆ. ಪುಸ್ತಕವೇ ಸುಳ್ಳು ಅನ್ನಿಸಿ ಮನಸ್ಸು ಕುಗ್ಗಿತು.

ಸೀಲು ಹಾಕುತ್ತಿದ್ದ ಅತ್ತೆ ಹಾಳೆಯತ್ತ ಬಗ್ಗಿ ನೋಡಿ, "ಅದ್ಯಾಕಪ್ಪ ಎರಡು ದಿಬ್ಬ ಐತೆ?" ಅಂದರು. ತೂಕ ಹೇಳಿದೆ. "ಮತ್ತೆ ಆಗ್ಲೇಬೇಕಲ್ಲ. ನಿಮ್ಮ ಮಾವ ಗೋಪುರ ಕಟ್ಟಿ ಸುರೀತಾರೆ. ನಾನು ಕೈಲಿ ತಲೆ ಸವರಿಬಿಡ್ತೀನಿ."

ಇಬ್ಬರ ರಾಶಿಯನ್ನೂ ಬೇರೆ ಮಾಡಿಸಿ ಮತ್ತೆ ತೂಗಿದೆ. ಅತ್ತೆಯವು 80. ಸರಾಸರಿ 98 ಗ್ರಾಂ, ಮಾನಕ ವಿಚಲನೆ 3. ಈಗ ಒಂದೇ ಗುಡ್ಡ. 95ರಿಂದ 101ರೊಳಗೆ 58 ಪ್ಯಾಕೆಟ್, 92ರಿಂದ 104ರೊಳಗೆ 77. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಅತ್ತೆ ಎಂಬತ್ತು ಸಲವೂ ಒಂದೇ ರೀತಿ ಸವರಿದ್ದರು. ಆದರೂ ತೂಕ ಆಚೀಚೆ ಆಗಿತ್ತು. ಒಂದು ಹಿಡಿಯಲ್ಲಿ ಕಾಳು ದಪ್ಪ, ಇನ್ನೊಂದರಲ್ಲಿ ಸಣ್ಣ. ಒಮ್ಮೆ ಸೇರು ನೆಲಕ್ಕೆ ತಾಗಿ ಮಂಡಕ್ಕಿ ಕುಸಿಯುತ್ತದೆ, ಒಮ್ಮೆ ಇಲ್ಲ. ಚೀಲದ ತಳದಲ್ಲಿ ನುಚ್ಚು. ಯಾವುದೂ ದೊಡ್ಡ ಕಾರಣವಲ್ಲ. ಒಂದೊಂದೂ ತೂಕವನ್ನು ಚೂರು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ ಅಷ್ಟೆ. ಅಂಥ ಹತ್ತು ತಳ್ಳುಗಳನ್ನು ಹತ್ತು ನಾಣ್ಯ ಅಂತ ಭಾವಿಸಿ, ತಲೆ ಬಿದ್ದರೆ ಮೇಲಕ್ಕೆ, ಬಾಲ ಬಿದ್ದರೆ ಕೆಳಕ್ಕೆ ಅಂತ ಲೆಕ್ಕ ಹಾಕಿದೆ. ಹತ್ತು ನಾಣ್ಯ ಬೀಳುವ ಬಗೆ ಒಟ್ಟು 1024. ಹತ್ತೂ ತಲೆಯಾಗಿ ಬೀಳುವುದು ಒಂದೇ ಬಗೆಯಲ್ಲಿ. ಐದು ತಲೆ, ಐದು ಬಾಲ ಬೀಳುವುದು 252 ಬಗೆಯಲ್ಲಿ! ನಡುವಿಗೆ ಬರಲು ದಾರಿ ನೂರಾರು, ತುದಿಗೆ ಹೋಗಲು ಒಂದೇ ದಾರಿ. ಗುಡ್ಡ ನಡುವೆ ಏಳುವುದು ಅದಕ್ಕೇ. 1733ರಲ್ಲಿ ಗಣಿತಜ್ಞ ಡಿ ಮಾವ್ರ್ ಈ ಗೆರೆಯನ್ನು ಕಂಡದ್ದೂ ಇಂಥದೇ ನಾಣ್ಯದ ಲೆಕ್ಕದಲ್ಲಿ, ನಾಣ್ಯಗಳ ಸಂಖ್ಯೆಯನ್ನು ಬೆಳೆಸುತ್ತ ಹೋದಾಗ. ಇನ್ನೊಬ್ಬ ಗಣಿತಜ್ಞ ಗೌಸ್ ಅದನ್ನು ಖಗೋಳ ವೀಕ್ಷಣೆಯ ತಪ್ಪುಗಳಿಗೆ ಹಚ್ಚಿ 1809ರಲ್ಲಿ ಪ್ರಕಟಿಸಿದ. ಇವೆಲ್ಲ ನಮ್ಮ ಪಠ್ಯದಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿತ್ತು. ಅದನ್ನೇ ಮೊದಲ ಪಾಠ ಮಾಡಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಮೊದಲಿನ ಎರಡು ಗುಡ್ಡಕ್ಕೂ ಉತ್ತರ ಅಲ್ಲೇ ಇತ್ತು. ಗೋಪುರ ಕಟ್ಟುವುದು ಸಣ್ಣ ತಳ್ಳು ಅಲ್ಲ. ಅದೊಂದೇ ಹದಿನೈದು ಗ್ರಾಂ ಎತ್ತಿಬಿಡುತ್ತಿತ್ತು, ಉಳಿದವು ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಅತ್ತೆಯ ರಾಶಿಯಲ್ಲಿ ಒಂದು ಪ್ಯಾಕೆಟ್ ಮಾತ್ರ 84 ಗ್ರಾಂ ಇತ್ತು. ಮೂರು ಮಾನಕ ವಿಚಲನೆಯ ಆಚೆ ಬೀಳುವುದು ಸಾವಿರಕ್ಕೆ ಸುಮಾರು ಮೂರೇ. ಇದು ನಾಲ್ಕನ್ನೂ ದಾಟಿತ್ತು. ಕಾಳು ಸಣ್ಣದಿದ್ದ ಮಾತ್ರಕ್ಕೆ ಇಷ್ಟು ಕಡಿಮೆಯಾಗಲಿಕ್ಕಿಲ್ಲ ಅನ್ನಿಸಿ ಅದನ್ನು ಹುಡುಕಿ ತೆಗೆದು ನೋಡಿದೆ. ಮೂಲೆಯಲ್ಲಿ ಸೀಲು ಬಿಟ್ಟಿತ್ತು. ಅತ್ತೆ ಅದನ್ನು ಒಳಗೆ ಒಯ್ದು ಒಗ್ಗರಣೆ ಹಾಕಿದರು. ಸಂಜೆ ಮಿರ್ಚಿಯ ಜೊತೆ ಅದನ್ನೇ ತಿಂದೆವು.