ಹೊಲ ಒಂದೇ, ಕಚೇರಿ ಆರು

ನನ್ನ ಹುದ್ದೆಯ ಹೆಸರು ಎಟಿಎಂ. ನಗಬೇಡಿ, ನಿಜವಾಗಿಯೂ ಅದೇ. ರೈತರಿಗೆ ಕೃಷಿ ತಿಳಿವಳಿಕೆ ಮುಟ್ಟಿಸೋ ಕೃಷಿ ಇಲಾಖೆಯ ಆತ್ಮ ಯೋಜನೆಯಲ್ಲಿ ನಾನು ಸಹಾಯಕ ತಾಂತ್ರಿಕ ವ್ಯವಸ್ಥಾಪಕ. ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿದರೆ ಎಟಿಎಂ. 2018ರಿಂದ ತುಮಕೂರು ಜಿಲ್ಲೆಯ ಒಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇದ್ದೇನೆ. ಗುತ್ತಿಗೆ ಕೆಲಸ. "ಈ ಎಟಿಎಂನಲ್ಲಿ ದುಡ್ಡು ಬರಲ್ಲ, ಬರೀ ಮಾತು ಬರುತ್ತೆ" ಅಂತ ರೈತರು ತಮಾಷೆ ಮಾಡುತ್ತಾರೆ. ಮೊದಲ ವರ್ಷವಂತೂ ಆ ಮಾತು ಕೂಡ ಸರಿಯಾಗಿ ಬರುತ್ತಿರಲಿಲ್ಲ.

ಆ ವರ್ಷ ನಾನು ಜಾಸ್ತಿ ಆಡಿದ ಮಾತು ಒಂದೇ: "ಅದು ನಮ್ಮಲ್ಲಿ ಬರಲ್ಲ." ತೆಂಗಿನ ಗರಿ ಕಪ್ಪಾಗಿದೆ ಅಂದರೆ ತೋಟಗಾರಿಕೆಗೆ ಹೋಗಿ. ಸಸಿ ಬೇಕು ಅಂದರೆ ಅರಣ್ಯ ಇಲಾಖೆಗೆ ಹೋಗಿ. ಬದು ಹಾಕಿಸಬೇಕು ಅಂದರೆ ಪಂಚಾಯ್ತಿಗೆ ಹೋಗಿ. ಒಂದೊಂದು ಮಾತೂ ಸರಿಯೇ. ಆದರೆ ಹೋಬಳಿಯಿಂದ ತಾಲ್ಲೂಕಿಗೆ ಹೋಗಿಬರೋದು ಅಂದರೆ ಒಂದು ದಿನದ ಕೂಲಿ ಹೋಯ್ತು. ಅಲ್ಲಿ ಸಾಹೇಬರು ಮೀಟಿಂಗ್‌ಗೆ ಹೋಗಿದ್ದರೆ ಇನ್ನೊಂದು ದಿನ. ಇದು ನನ್ನ ತಲೆಗೆ ಹೋಗೋಕೆ ಒಬ್ಬ ಅಕ್ಕನ ಒಂದು ಬೆಳೆ ಹಾಳಾಗಬೇಕಾಯಿತು.

2019ರ ಮೇ ತಿಂಗಳು. ಆ ಅಕ್ಕ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ಹಿಡಿದುಕೊಂಡು ಬಂದರು. "ಮಣ್ಣು ತಂದಿವ್ನಿ ಸಾ, ನೀವೇ ಹೇಳಿದ್ರಲ್ಲ." ಹೌದು, ಹಿಂದಿನ ವಾರ ಅವರೂರಿನ ಸಭೆಯಲ್ಲಿ ನಾನೇ ಹೇಳಿದ್ದೆ. ಎಲ್ಲರೂ ಮಣ್ಣು ತನ್ನಿ, ಪರೀಕ್ಷೆ ಮಾಡಿಸಿ ಕಾರ್ಡು ಕೊಡ್ತೀವಿ ಅಂತ. ಎಲ್ಲಿಂದ ತೆಗೀಬೇಕು, ಹೇಗೆ ತೆಗೀಬೇಕು ಅಂತ ಎರಡು ನಿಮಿಷ ನಿಂತು ತೋರಿಸಿರಲಿಲ್ಲ. ಕವರಿನ ಮೇಲೆ ಸರ್ವೆ ನಂಬರ್ ಬರೆದು ಪ್ರಯೋಗಾಲಯಕ್ಕೆ ಕಳಿಸಿದೆ. ಮಣ್ಣಿನ ಫಲವತ್ತತೆ ಹೇಳೋ ಸಾವಯವ ಇಂಗಾಲ ನೂರಕ್ಕೆ 0.9 ಅಂತ ಬಂತು. 0.75 ದಾಟಿದರೇ ಹೆಚ್ಚು ಅನ್ನೋ ಲೆಕ್ಕ. ಪೊಟ್ಯಾಷ್ ಕೂಡ ಧಾರಾಳ. "ನಿಮ್ಮದು ಒಳ್ಳೆ ನೆಲ ಅಕ್ಕ, ಯೂರಿಯಾ ಕಮ್ಮಿ ಹಾಕಿದ್ರೂ ನಡೆಯುತ್ತೆ" ಅಂದೆ. ಅವರು ಹಾಗೇ ಮಾಡಿದರು.

ಅಕ್ಟೋಬರಿನಲ್ಲಿ ಫೋನ್ ಬಂತು. ರಾಗಿ ಹಳದಿಯಾಗಿದೆ, ತೆನೆ ಹೆಬ್ಬೆರಳಷ್ಟೂ ಇಲ್ಲ. "ಒಂದ್ ಸಲ ಬಂದು ನೋಡಿ ಸಾ." ಹೋದೆ. ನಾನು ಹೋಗಿ ಮುಟ್ಟೋ ಹೊತ್ತಿಗೆ ಮಳೆ ಹಿಡಿಯಿತು. ಅವರ ಮನೆ ಜಗುಲಿ ಮೇಲೆ ನಿಂತೆ. ಎದುರಿಗೇ ಹೊಲ. ಮೂರು ಎಕರೆ ಹತ್ತು ಗುಂಟೆ, ಮೇಲಿಂದ ಕೆಳಕ್ಕೆ ಚೆನ್ನಾಗಿಯೇ ಇಳಿಜಾರು. ಹತ್ತು ನಿಮಿಷದಲ್ಲಿ ಸಾಲುಗಳ ಮಧ್ಯೆ ಟೀ ಬಣ್ಣದ ನೀರು ಓಡತೊಡಗಿತು. ಕೆಳಗಿನ ಪಕ್ಕದವರ ಹೊಲದ ಬದು ಒಡೆದು ಅವರ ಗದ್ದೆಗೆ ನುಗ್ಗಿತು. "ಇದಕ್ಕೇ ಅವರಿಗೂ ನಮಗೂ ಮಾತಿಲ್ಲ" ಅಂದರು ಅಕ್ಕ.

ಮಳೆ ನಿಂತ ಮೇಲೆ ಮೇಲ್ಗಡೆ ಹೋಗಿ ಗುದ್ದಲಿಯಲ್ಲಿ ಒಂದೇಟು ಹಾಕಿದೆ. ಒಂದು ಗೇಣಿಗೆ ಗರಸು ಸಿಕ್ಕಿತು. ಕಣ್ಣಿಗೆ ಕಾಣೋ ಈ ನೆಲಕ್ಕೂ ಆ ಕಾರ್ಡಿನ 0.9ಕ್ಕೂ ತಾಳೆಯೇ ಇಲ್ಲ. "ಅಕ್ಕ, ಅವತ್ತು ಮಣ್ಣು ಎಲ್ಲಿಂದ ತಂದ್ರಿ?" ಅಂತ ಕೇಳಿದೆ. ಮನೆ ಹಿಂದೆ ಕೈ ತೋರಿಸಿದರು. ತಿಪ್ಪೆ ಪಕ್ಕ. ಅಲ್ಲಿ ಅಗೆಯೋದು ಸುಲಭ ಅಲ್ವಾ?

ತಪ್ಪು ಅವರದಲ್ಲ. ಮಣ್ಣು ತೆಗೆಯೋಕೆ ಒಂದು ಕ್ರಮ ಇದೆ, ಇಲ್ಲೇ ಹೇಳಿಬಿಡುತ್ತೇನೆ. ತಿಪ್ಪೆ, ಬದು, ಮರದ ನೆರಳು, ನೀರು ನಿಲ್ಲೋ ಜಾಗ ಬಿಡಬೇಕು. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬಾರದು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಆರಿಂಚು ಆಳ ಗುಂಡಿ ತೆಗೆಯಬೇಕು. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದಿಂಚು ದಪ್ಪ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬಟ್ಟೆ ಮೇಲೆ ಸುರಿದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡಬೇಕು. ಅರ್ಧ ಕಿಲೋ ಉಳಿಯೋ ತನಕ ಹೀಗೆ ಮಾಡಿ, ನೆರಳಲ್ಲಿ ಒಣಗಿಸಬೇಕು. ಹಳೆ ಗೊಬ್ಬರದ ಚೀಲದಲ್ಲಿ ತುಂಬಬಾರದು. ಹೊಲದ ಮೇಲ್ಭಾಗ ಕೆಳಭಾಗ ಬೇರೆ ಬೇರೆ ಥರ ಇದ್ದರೆ ಎರಡು ಮಾದರಿ ಬೇಕು. ತೆಂಗಿನ ತೋಟಕ್ಕಾದರೆ ಇನ್ನೂ ಆಳಕ್ಕೆ ಹೋಗಬೇಕು. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಬರುತ್ತವೆ. ಆದರೆ ತಿಪ್ಪೆ ಮಣ್ಣು ಕೊಟ್ಟರೆ ತಿಪ್ಪೆಯ ಜಾತಕವೇ ಬರೋದು.

ವಾಪಸ್ ಬಂದವನು ಇಡೀ ಸಂಜೆ ಕಚೇರಿಯ ಬೀರು ತಡಕಾಡಿದೆ. ಸುಜಲಾ-3 ಜಲಾನಯನ ಯೋಜನೆಯಲ್ಲಿ ಭೂಸಂಪನ್ಮೂಲ ಸಮೀಕ್ಷೆ ಆಗಿತ್ತು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಒಂದೊಂದು ಕಿರು ಜಲಾನಯನಕ್ಕೂ, ಅಂದರೆ ಮಳೆ ನೀರು ಒಂದೇ ಕಡೆ ಹರಿದು ಸೇರೋ ಪ್ರದೇಶಕ್ಕೂ, ಒಂದು ಅಟ್ಲಾಸ್. ಸರ್ವೆ ನಂಬರ್ ಹಿಡಿದು ಮಣ್ಣಿನ ಆಳ, ಕಲ್ಲು ಗರಸು, ಇಳಿಜಾರು, ಕೊಚ್ಚಣೆ, ಯಾವ ಬೆಳೆ ಒಗ್ಗುತ್ತೆ, ಎಲ್ಲಾ ನೋಡಬಹುದು. ಅಕ್ಕನ ಸರ್ವೆ ನಂಬರೂ ಅದರಲ್ಲಿತ್ತು. ಆಳ ಕಡಿಮೆ, ಗರಸು, ಇಳಿಜಾರು ನೂರಕ್ಕೆ ಮೂರರಿಂದ ಐದು. ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದೂಳಿನ ಕೆಳಗೆ ಇದೆಲ್ಲಾ ಇತ್ತು. ನಾನು ಬೀರು ತೆಗೆದಿರಲಿಲ್ಲ ಅಷ್ಟೇ.

ಅಂದರೆ ಅಕ್ಕನ ಹೊಲಕ್ಕೆ ಬೇಕಾಗಿದ್ದು ಗೊಬ್ಬರದ ಲೆಕ್ಕಕ್ಕಿಂತ ಮೊದಲು, ಇರೋ ಮಣ್ಣು ಹೋಗದ ಹಾಗೆ ನೋಡಿಕೊಳ್ಳೋದು. ಮತ್ತೆ ಆ ಕೆಲಸ ಮುಕ್ಕಾಲು ಪಾಲು ನನ್ನ ಕಚೇರಿಯದ್ದೇ ಅಲ್ಲ. "ಅದು ನಮ್ಮಲ್ಲಿ ಬರಲ್ಲ" ಅಂತ ಹೇಳೋಕೆ ಬಾಯಿ ತೆಗೆದೆ. ಆಮೇಲೆ ಮುಚ್ಚಿದೆ.

ಮೊದಲ ಗೋಡೆ ಸಿಕ್ಕಿದ್ದು ಪಹಣಿಯಲ್ಲಿ. ಜಮೀನು ಇನ್ನೂ ಅಕ್ಕನ ಮಾವನ ಹೆಸರಲ್ಲಿತ್ತು. ಮಾವ ತೀರಿಕೊಂಡು ಹನ್ನೆರಡು ವರ್ಷ, ಗಂಡ ತೀರಿಕೊಂಡು ಆರು ವರ್ಷ. ಉಳೋದು, ಬಿತ್ತೋದು, ಕಳೆ ತೆಗೆಯೋದು ಎಲ್ಲಾ ಇವರೇ. ಆದರೆ ಸರ್ಕಾರದ ಕಂಪ್ಯೂಟರಿನಲ್ಲಿ ಇವರು ರೈತರೇ ಅಲ್ಲ. ಈಗ ಯಾವ ಸವಲತ್ತಿಗೂ ರೈತರ ನೋಂದಣಿ ಮಾಡೋ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು. ಆ ನಂಬರಿಗೆ ಪಹಣಿಯಲ್ಲಿ ನಿಮ್ಮ ಹೆಸರು ಇರಬೇಕು. ಇದಕ್ಕೆ ದಾರಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ಅದಕ್ಕೆ ಸಹಿ ಹಾಕಬೇಕಿದ್ದ, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದ ಮೈದುನ ಎರಡು ಸಲ ಬರ್ತೀನಿ ಅಂತ ಹೇಳಿ ಬರಲಿಲ್ಲ. ಮೂರನೇ ಸಲ ಹಬ್ಬಕ್ಕೆ ಊರಿಗೆ ಬಂದಾಗ ಹಿಡಿದು ಕೂರಿಸಿಕೊಂಡು ಸಹಿ ಹಾಕಿಸಿದೆವು. ಫೆಬ್ರವರಿ ಹೊತ್ತಿಗೆ ಪಹಣಿಯಲ್ಲಿ ಅಕ್ಕನ ಹೆಸರು ಬಂತು. ಆ ಹಾಳೆಯನ್ನು ಅವರು ಮಡಚಲೇ ಇಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ನೆಟ್ಟಗೆ ಹಿಡಿದುಕೊಂಡೇ ಬಸ್ ಹತ್ತಿದರು. ಎಫ್‌ಐಡಿ ಮಾತ್ರ ನಮ್ಮಲ್ಲೇ ಆಗುತ್ತದೆ, ಒಂದು ರೂಪಾಯಿಯೂ ಖರ್ಚಿಲ್ಲ. ಯಾರಾದರೂ ಐನೂರು ಕೊಡಿ ಮಾಡಿಸಿಕೊಡ್ತೀವಿ ಅಂದರೆ ಅವರ ಕಡೆ ತಿರುಗಿಯೂ ನೋಡಬೇಡಿ.

ಪಂಚಾಯ್ತಿ ಕೆಲಸಕ್ಕೆ ಒಂದು ಗುಟ್ಟು ಇದೆ. ಗುಟ್ಟು ಏನೂ ಅಲ್ಲ, ಕ್ಯಾಲೆಂಡರ್ ಅಷ್ಟೇ. ಸಣ್ಣ ರೈತರ ಸ್ವಂತ ಜಮೀನಿನಲ್ಲಿ ಕಂದಕ ಬದು, ಕೃಷಿ ಹೊಂಡ, ದನದ ಕೊಟ್ಟಿಗೆ ಇವೆಲ್ಲ ಆಗ ನರೇಗಾದಲ್ಲಿ, ಅಂದರೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಸಿಗುತ್ತಿದ್ದವು. ಆದರೆ ಮುಂದಿನ ವರ್ಷದ ಕ್ರಿಯಾ ಯೋಜನೆಯ ಪಟ್ಟಿಯಲ್ಲಿ ಹೆಸರಿರಬೇಕು. ಆ ಪಟ್ಟಿ ತಯಾರಾಗೋದು ಅಕ್ಟೋಬರಿನಿಂದ ಶುರು. ಜನ ಹೋಗಿ ಕೇಳೋದು ಮೇ ಜೂನ್‌ನಲ್ಲಿ, ಮಳೆ ತಲೆ ಮೇಲೆ ಬಂದಾಗ. ಆಗ ಪಂಚಾಯ್ತಿ ಅಧಿಕಾರಿ ಪಿಡಿಒ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ, ಇವರು ಬೈದುಕೊಂಡು ಬರುತ್ತಾರೆ. ಅಕ್ಕನ ಅದೃಷ್ಟಕ್ಕೆ ರಾಗಿ ಹಾಳಾದದ್ದು ಅಕ್ಟೋಬರಿನಲ್ಲಿ. ಗ್ರಾಮ ಸಭೆಯಲ್ಲಿ ಹೆಸರು ಬರೆಸಿದೆವು. ಅಲ್ಲಿಗೆ ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಕೆಲಸ ಆದದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ. ಬೆಂಗಳೂರಿನಲ್ಲಿ ಹೋಟೆಲ್ ಕೆಲಸ ಮಾಡುತ್ತಿದ್ದ ಅಕ್ಕನ ಮಗ ಊರಿಗೆ ಬಂದಿದ್ದ. ಉದ್ಯೋಗ ಚೀಟಿಗೆ ಅವನ ಹೆಸರೂ ಸೇರಿತು. ದಿನಕ್ಕೆ 275 ರೂಪಾಯಿ ಕೂಲಿ. ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ತಮ್ಮ ಹೊಲಕ್ಕೆ ತಾವೇ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿದರು. ಅಳತೆ ಟೇಪು ಹಿಡಿಯೋಕೆ ನಾನು.

ಗೊತ್ತಿದ್ದೂ ಜನ ಕಡಿಮೆ ಬಳಸೋ ಜಾಗ ಅಂದರೆ ಕೃಷಿ ವಿಜ್ಞಾನ ಕೇಂದ್ರ, ನಮ್ಮ ಬಾಯಲ್ಲಿ ಕೆವಿಕೆ. ನಮ್ಮ ಜಿಲ್ಲೆಗೆ ಎರಡಿವೆ. ತಿಪಟೂರಿನ ಕೊನೇಹಳ್ಳಿಯಲ್ಲಿರೋದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ತುಮಕೂರು ಹತ್ತಿರದ ಹಿರೇಹಳ್ಳಿಯದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಅಲ್ಲಿಗೆ ಸಬ್ಸಿಡಿ ಕೇಳಿಕೊಂಡು ಹೋದರೆ ನಿರಾಸೆ ಆಗುತ್ತೆ. ಅಲ್ಲಿ ಸಿಗೋದು ತಿಳಿವಳಿಕೆ, ತರಬೇತಿ, ಪ್ರಾತ್ಯಕ್ಷಿಕೆ. ಅಟ್ಲಾಸಿನ ಆ ಪುಟದ ಫೋಟೊ, ಹೊಸದಾಗಿ ಸರಿಯಾಗಿ ತೆಗೆದ ಮಣ್ಣಿನ ಕಾರ್ಡು (ಸಾವಯವ ಇಂಗಾಲ 0.3!) ಎರಡನ್ನೂ ಹಿಡಿದು ಹೋದೆವು. ಅಲ್ಲಿನ ವಿಜ್ಞಾನಿ ಹೇಳಿದ್ದು ಸರಳ. ಮೇಲ್ಗಡೆಯ ಗರಸು ಭಾಗಕ್ಕೆ ರಾಗಿ ಹಟ ಬಿಡಿ, ಹುರುಳಿ ಹಾಕಿ. ಕೆಳಗೆ ಜಿಪಿಯು-28 ಅನ್ನೋ ತಳಿಯ ರಾಗಿ, ಇಳಿಜಾರಿಗೆ ಅಡ್ಡ ಬಿತ್ತನೆ, ನಡುನಡುವೆ ತೊಗರಿಯ ಅಕ್ಕಡಿ ಸಾಲು. "ನಮ್ ಮಾವನೂ ಮೇಲ್ಗಡೆ ಹುರುಳಿನೇ ಹಾಕ್ತಿದ್ದಿದ್ದು" ಅಂದರು ಅಕ್ಕ, ಬರುವಾಗ ಬಸ್ಸಿನಲ್ಲಿ. ಮೊದಲೇ ಹೇಳಬಾರದಾಗಿತ್ತಾ ಅಂತ ಕೇಳಿದೆ. "ನೀವು ಕೇಳ್ಲಿಲ್ಲ ಸಾ."

ಬದುವಿನ ಮೇಲೆ ಏನಾದರೂ ಬೇರು ಬಿಡಬೇಕಲ್ಲ. ಅರಣ್ಯ ಇಲಾಖೆಯ ನರ್ಸರಿಯಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೊಂಗೆ, ಹುಣಸೆ, ಹೆಬ್ಬೇವು ಸಸಿ ತಂದರು. ಸಸಿಗೆ ರಿಯಾಯ್ತಿ ದರ. ಗಿಡ ಬದುಕಿದರೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಪ್ರೋತ್ಸಾಹಧನ. ಬದುಕಿದರೆ ಮಾತ್ರ. ಅಕ್ಕನ ಗಿಡಗಳಲ್ಲಿ ಮೂರರಲ್ಲೊಂದು ಪಾಲು ಮೇಕೆ ಬಾಯಿಗೆ ಹೋದವು. ಮೇಕೆಗಳು ಅವರದ್ದೇ.

ಮನೆ ಮುಂದಿನ ಆರು ತೆಂಗಿಗೆ ಬಿಳಿನೊಣ ಬಿದ್ದು ಗರಿ ಮಸಿ ಹಿಡಿದಿತ್ತು. ಅದಕ್ಕೆ ತಾಲ್ಲೂಕಿನ ತೋಟಗಾರಿಕೆ ಕಚೇರಿ. ಅದು ಆರನೆಯದು.

ಇಷ್ಟಾದ ಮೇಲೆ ನಾನು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಯಾರನ್ನಾದರೂ ಬೇರೆ ಕಚೇರಿಗೆ ಕಳಿಸಬೇಕಾದರೆ, ಅವರು ನನ್ನೆದುರು ಕೂತಿರುವಾಗಲೇ ಅಲ್ಲಿಗೆ ಫೋನ್ ಮಾಡುತ್ತೇನೆ. ಸಾಹೇಬರು ಇದ್ದಾರಾ, ಯಾವ ದಿನ ಸಿಗ್ತಾರೆ, ಏನೇನು ಕಾಗದ ಬೇಕು. ಐದು ನಿಮಿಷ. ಒಂದು ಚೀಟಿ ಬರೆದು ಕೈಗೆ ಕೊಡುತ್ತೇನೆ. ಚೀಟಿಯ ಕೊನೆಯಲ್ಲಿ ಎರಡು ನಂಬರ್ ಯಾವಾಗಲೂ ಇರುತ್ತವೆ. ಕಿಸಾನ್ ಕಾಲ್ ಸೆಂಟರ್, 1800-180-1551. ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇನ್ನೊಂದು ವರುಣ ಮಿತ್ರ, 92433 45433. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ಮಳೆ ಮುನ್ಸೂಚನೆಗೆ. ಔಷಧಿ ಹೊಡೆಯೋ ಮುಂಚೆ ಒಂದು ಫೋನ್ ಮಾಡಿದರೆ ಔಷಧಿಯೂ ಉಳಿಯುತ್ತೆ, ಆಳಿನ ಕೂಲಿಯೂ ಉಳಿಯುತ್ತೆ.

ಶನಿವಾರ ಬೆಂಗಳೂರಿನಿಂದ ಕಾರಿನಲ್ಲಿ ಬರೋರೂ ಇದ್ದಾರೆ. ಅಪ್ಪನ ಜಮೀನು ಬೀಳು ಬಿದ್ದಿದೆ, ಏನಾದರೂ ಪ್ಲಾಂಟೇಶನ್ ಮಾಡಬೇಕು, ಯಾವ ಸ್ಕೀಮ್ ಇದೆ ಅಂತ ಕೇಳುತ್ತಾರೆ. ಅವರಿಗೂ ಈಗ ಸ್ಕೀಮ್ ಹೇಳಲ್ಲ. ಒಂದು ಮಳೆಗಾಲದ ದಿನ ಬಂದು ಸುಮ್ನೆ ಹೊಲದಲ್ಲಿ ನಿಂತು ನೀರು ಯಾವ ಕಡೆ ಓಡುತ್ತೆ ನೋಡಿ, ಆಮೇಲೆ ಮಾತಾಡೋಣ ಅನ್ನುತ್ತೇನೆ. ಅರ್ಧ ಜನ ಮತ್ತೆ ಬರಲ್ಲ. ನನಗೇನೂ ಬೇಜಾರಿಲ್ಲ.

ಹೋದ ವರ್ಷ ಆ ಅಕ್ಕ ಕೇಂದ್ರಕ್ಕೆ ಬಂದರು. ಈಗ ಸಾ ಅನ್ನಲ್ಲ, ಏನಪ್ಪ ಅನ್ನುತ್ತಾರೆ. ಜೊತೆಗೆ ಕೆಳಗಿನ ಹೊಲದವರು, ಅದೇ ಮಾತು ಬಿಟ್ಟಿದ್ದವರು. ಅವರ ಕೈಯಲ್ಲಿ ಒಂದು ಕವರು ಮಣ್ಣು. ಎಲ್ಲಿಂದ ತೆಗೆದ್ರಿ ಅಂತ ಕೇಳೋಕೆ ಹೊರಟೆ. "ತಿಪ್ಪೆದಲ್ಲ ಕಣಪ್ಪ, ನಾನೇ ನಿಂತ್ಕಂಡು ಹದಿನೈದ್ ಕಡೆ ತೆಗೆಸಿವ್ನಿ" ಅಂದರು ಅಕ್ಕ. ಸರಿ, ಪಹಣಿ ತಂದಿದ್ದೀರಾ ಅಂದೆ.

ಅವರು ಅಕ್ಕನ ಮುಖ ನೋಡಿದರು. ಪಹಣಿ ಇನ್ನೂ ಅವರ ತಾತನ ಹೆಸರಲ್ಲೇ ಇದೆಯಂತೆ.