ತ್ರಿಯೆಸ್ತೆಯಿಂದ ಬಂದ ಪಚ್ಚೆ ಖಡ್ಗ

ರ‍್ಯಾಪ್ಸೊಡಿ ಬ್ಯಾಂಡಿನ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ ಎಂಬ ಆಲ್ಬಂನ ಹೆಸರೆತ್ತಿದರೆ, ಮೆಟಲ್ ಎಂಬ ಬಿರುಸಿನ ರಾಕ್ ಸಂಗೀತ ಕೇಳುವವರಲ್ಲೇ ಎಷ್ಟೋ ಜನ ನಗುತ್ತಾರೆ. ಡ್ರ್ಯಾಗನ್ನು, ಪಚ್ಚೆಯ ಖಡ್ಗ, ದಂತದ ಬಾಗಿಲು, ಹಿಮಯೋಧ, ಇದೆಲ್ಲ ಮಕ್ಕಳ ಆಟ ಅನ್ನುವುದು ಅವರ ವಾದ. ನನಗೆ ಆ ನಗು ಯಾವತ್ತೂ ಒಪ್ಪಿಗೆಯಾಗಿಲ್ಲ. ಈ ಆಲ್ಬಂ ತನ್ನ ಕತೆಯನ್ನು ಪೂರ್ತಿ ನಂಬುತ್ತದೆ. ಆ ನಂಬಿಕೆಯಿಂದಲೇ ಅದರ ಸಂಗೀತ ಇಷ್ಟು ಗಟ್ಟಿಯಾಗಿದೆ ಅಂತ ನಾನು ತಿಳಿದಿದ್ದೇನೆ.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು. ಕಲಿತದ್ದು ಕರ್ನಾಟಕ ಸಂಗೀತ, ಕಲಿಸುವುದೂ ಅದನ್ನೇ. ಮಣಿಪಾಲದಲ್ಲಿ ಓದುತ್ತಿದ್ದ ಅತ್ತೆಯ ಮಗ ರಜೆಗೆ ಬಂದಾಗ ಹಾಸ್ಟೆಲ್ಲಿನಲ್ಲಿ ಕಾಪಿ ಮಾಡಿಸಿದ ಒಂದು ಸಿ.ಡಿ. ತಂದಿದ್ದ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು. ಮೊದಲ ಹಾಡು ‘ಎಪಿಕಸ್ ಫ್ಯೂರರ್’ ಶುರುವಾಗಿ ಲ್ಯಾಟಿನ್ ಮೇಳಗಾನ ಕೋಣೆ ತುಂಬಿದಾಗ ಅಮ್ಮ ಅಡುಗೆಮನೆಯಿಂದಲೇ, “ಏನೇ ಅದು, ಚರ್ಚಿನ ಹಾಡಾ, ಯುದ್ಧವಾ?” ಅಂತ ಕೇಳಿದಳು. ಎರಡೂ ಹೌದು ಅಂದೆ. ಇವತ್ತು ಯಾರಾದರೂ ಕೇಳಿದರೂ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಬ್ಯಾಂಡು ಹುಟ್ಟಿದ್ದು ಇಟಲಿಯ ತ್ರಿಯೆಸ್ತೆ ಎಂಬ ಬಂದರು ಊರಿನಲ್ಲಿ. ಗಿಟಾರಿನ ಲೂಕಾ ತುರಿಲ್ಲಿ ಮತ್ತು ಕೀಬೋರ್ಡಿನ ಅಲೆಕ್ಸ್ ಸ್ತಾರೊಪೊಲಿ 1993ರಲ್ಲಿ ಥಂಡರ್‌ಕ್ರಾಸ್ ಎಂಬ ಹೆಸರಿನಲ್ಲಿ ಶುರು ಮಾಡಿದರು. ಹಾಡುಗಾರ ಫಾಬಿಯೊ ಲಿಯೋನೆ ಆಮೇಲೆ ಬಂದು ಸೇರಿದ. ‘ಲೆಜೆಂಡರಿ ಟೇಲ್ಸ್’ 1997ರಲ್ಲಿ ಬಂತು, ಮರುವರ್ಷವೇ ಈ ಎರಡನೆಯ ಆಲ್ಬಂ. ತ್ರಿಯೆಸ್ತೆ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಕೇಳಿ ಬೆಳೆದ ಊರು. ಇಟಲಿಯ ಆಪೆರಾ ಸಂಯೋಜಕ ವೆರ್ದಿಯ ‘ಇಲ್ ಕೊರ್ಸಾರೊ’ ಮೊದಲ ಸಲ ರಂಗಕ್ಕೆ ಬಂದದ್ದು 1848ರಲ್ಲಿ, ಇದೇ ಊರಿನ ರಂಗಮಂದಿರದಲ್ಲಿ. ಅದರ ನಾಯಕ ಕಡಲ್ಗಳ್ಳ. ಸೆರೆಮನೆ, ಪ್ರೇಮ, ಕೊಲೆ, ವಿಷ ಎಲ್ಲವೂ ಅದರಲ್ಲಿದೆ. ಅದಾಗಿ ಸರಿಯಾಗಿ 150 ವರ್ಷಕ್ಕೆ ಅದೇ ಊರಿನ ಹುಡುಗರು ಖಡ್ಗ ಹುಡುಕಿ ಹೊರಟ ಯೋಧನ ಕತೆಯನ್ನು ಗಿಟಾರಿಗೆ ಕಟ್ಟಿದರು. ಕಡಲ್ಗಳ್ಳ ಎದೆ ತುಂಬಿ ಹಾಡಿದರೆ ಕಲೆ, ಹಿಮಯೋಧ ಹಾಡಿದರೆ ಮಕ್ಕಳಾಟ ಅನ್ನುವವರು ಕಾರಣ ಕೊಡಬೇಕು.

ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಗಲಾರ್ಡ್ ಎಂಬ ಲೋಕ. ಆಕ್ರಾನ್ ಎಂಬ ಕ್ರೂರ ರಾಜನ ಸೇನೆ ಅದರ ಮೇಲೆ ಬೀಳುತ್ತಿದೆ. ಅವನನ್ನು ತಡೆಯಬಲ್ಲದ್ದು ಪಚ್ಚೆ ಖಡ್ಗ ಒಂದೇ. ಅದು ದಂತದ ಬಾಗಿಲುಗಳ ಆಚೆ ಇದೆ, ಆ ಬಾಗಿಲು ತೆರೆಯಲು ಮೂರು ಕೀಲಿ ಬೇಕು. ಮೊದಲ ಆಲ್ಬಂನಲ್ಲಿ ಹೊರಟ ಹಿಮಯೋಧನಿಗೆ ಇಲ್ಲಿ ಥಾರೋಸ್ ಎಂಬ ಡ್ರ್ಯಾಗನ್ ಜೊತೆಯಾಗುತ್ತದೆ, ಇಲ್ಲೇ ಖಡ್ಗವೂ ಸಿಗುತ್ತದೆ. ಒಟ್ಟು ಐದು ಆಲ್ಬಂಗಳ ಕತೆ ಇದು, 2002ರ ‘ಪವರ್ ಆಫ್ ದ ಡ್ರ್ಯಾಗನ್‌ಫ್ಲೇಮ್’ನಲ್ಲಿ ಮುಗಿಯುತ್ತದೆ. ಕತೆಯಲ್ಲಿ ಹೊಸತೇನೂ ಇಲ್ಲ, ಒಪ್ಪುತ್ತೇನೆ. ಹೇಳುವ ರೀತಿಯಲ್ಲಿ ಮಾತ್ರ ತುಂಬ ಇದೆ.

ಅಪ್ಪನ ಊರು ಹೊನ್ನಾವರದ ಕಡೆ, ಹಾಗಾಗಿ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡುತ್ತ ಬೆಳೆದೆ. ಒಡ್ಡೋಲಗದಲ್ಲಿ ಪಾತ್ರ ಒಂದು ಮಾತೂ ಆಡುವ ಮುಂಚೆ ಚಂಡೆ, ಮದ್ದಳೆ, ಭಾಗವತರ ದನಿ ಸೇರಿ ಅವನು ರಾಜ ಅಂತ ಸಾಧಿಸಿಬಿಡುತ್ತವೆ. ಕಿರೀಟ ದೊಡ್ಡದಾಯಿತು ಅಂತ ಅಲ್ಲಿ ಯಾರೂ ನಗುವುದಿಲ್ಲ. ‘ಎಪಿಕಸ್ ಫ್ಯೂರರ್’ ಮಾಡುವುದು ಅದೇ ಕೆಲಸ. ಒಂದು ನಿಮಿಷ ಚಿಲ್ಲರೆ ಸೆಕೆಂಡು, ಮೇಳಗಾನ ಏರುತ್ತ ಏರುತ್ತ ಹೋಗಿ ನೇರ ‘ಎಮರಾಲ್ಡ್ ಸೋರ್ಡ್’ನ ಒಳಕ್ಕೆ ಬೀಳುತ್ತದೆ. ಅಷ್ಟು ಹೊತ್ತಿಗೆ ರಾಜನಿಗಾಗಿ, ನಾಡಿಗಾಗಿ, ಬೆಟ್ಟಗಳಿಗಾಗಿ ಪಣ ತೊಡುವ ಆ ಪಲ್ಲವಿಯನ್ನು ಒಪ್ಪಿಕೊಳ್ಳಲು ಕಿವಿ ಸಿದ್ಧವಾಗಿರುತ್ತದೆ. ಪೀಠಿಕೆ ಬಿಟ್ಟು ‘ಎಮರಾಲ್ಡ್ ಸೋರ್ಡ್’ ಒಂದನ್ನೇ ಪ್ಲೇಲಿಸ್ಟಿಗೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪಿಟೀಲಿನವಳ ಕಿವಿಗೆ ಮೊದಲು ಬಿದ್ದದ್ದು ತುರಿಲ್ಲಿಯ ಸ್ವರಗಳು. ಪಾಶ್ಚಾತ್ಯರು ಹಾರ್ಮೋನಿಕ್ ಮೈನರ್ ಅನ್ನುವ ಸ್ವರಶ್ರೇಣಿ ನಮ್ಮಲ್ಲಿ 21ನೇ ಮೇಳಕರ್ತ ರಾಗ, ಕೀರವಾಣಿ. ವಿವಾಲ್ಡಿ, ಪಗನೀನಿ ಕಾಲದ ಪಿಟೀಲು ಸಂಗೀತದ ಚಲನೆಯನ್ನು ಗಿಟಾರಿಗೆ ತಂದ ಎಲ್ಲರೂ ಆ ಶ್ರೇಣಿಗೆ ಸಾಲಗಾರರು. ಸ್ವೀಡನ್ನಿನ ಇಂಗ್ವೇ ಮಾಲ್ಮ್‌ಸ್ಟೀನ್ 1984ರಲ್ಲೇ ಆ ದಾರಿ ತೋರಿಸಿದ್ದ. ತುರಿಲ್ಲಿಯ ಸೋಲೊಗಳಲ್ಲಿ ನಿಷಾದದಿಂದ ಷಡ್ಜಕ್ಕೆ ಏರುವ ಆ ಅರ್ಧ ಮೆಟ್ಟಿಲು ಮತ್ತೆ ಮತ್ತೆ ಬರುತ್ತದೆ. ಗಮಕ, ಅಂದರೆ ಸ್ವರವನ್ನು ತೂಗಾಡಿಸುವುದು, ಇಲ್ಲ. ಪ್ರತಿ ಸ್ವರವೂ ಕಡಿದಿಟ್ಟ ಹಾಗೆ ನೇರ. ಮೊದಮೊದಲು ನನಗೆ ಇದು ಬರಡು ಅನ್ನಿಸುತ್ತಿತ್ತು. ಆದರೆ ಗಿಟಾರಿನ ಕೆಳಗೆ ಕೀಬೋರ್ಡಿನ ತಂತಿವಾದ್ಯಗಳು ಅದೇ ಸಾಲನ್ನು ಬೇರೆ ಸ್ಥಾಯಿಯಲ್ಲಿ ಹಿಡಿದುಕೊಂಡು ಹೋಗುವುದನ್ನು ಗಮನಿಸಿದರೆ ಗಮಕಕ್ಕೆ ಇಲ್ಲಿ ಜಾಗವೇ ಇಲ್ಲ ಅಂತ ತಿಳಿಯುತ್ತದೆ. ಅಷ್ಟು ವೇಗದಲ್ಲಿ ಎರಡು ಸಾಲುಗಳು ಕೂಡಿ ನಡೆಯಬೇಕಾದರೆ ಸ್ವರ ನೇರವಾಗಿಯೇ ನಿಲ್ಲಬೇಕು.

ಸಿಂಫನಿ ಅನ್ನುವ ಹೆಸರಿಗೆ ತಕ್ಕ ಕೆಲಸ ಇಲ್ಲಿ ನಡೆದಿದೆ. ಎಷ್ಟೋ ಬ್ಯಾಂಡುಗಳು ಹಾಡು ಮುಗಿಸಿ, ಆಮೇಲೆ ಮೇಲೊಂದು ಪದರ ಪಿಟೀಲು ಬಳಿಯುತ್ತವೆ. ಇಲ್ಲಿ ವಾದ್ಯಗೋಷ್ಠಿಯನ್ನು ತೆಗೆದರೆ ಹಾಡೇ ಬಿದ್ದುಹೋಗುತ್ತದೆ. ‘ಎಟರ್ನಲ್ ಗ್ಲೋರಿ’ಯಲ್ಲಿ ಮುಖ್ಯ ರಾಗವನ್ನು ಹೊರುವುದು ಗಿಟಾರಲ್ಲ, ಕಹಳೆ ದನಿಗಳು. ‘ದ ಡಾರ್ಕ್ ಟವರ್ ಆಫ್ ಅಬಿಸ್’ನಲ್ಲಿ ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್, ವಿವಾಲ್ಡಿಯ ಬರೋಕ್ ಕಾಲದ ನಡೆಯಲ್ಲಿ ಹೆಣೆಯುವ ಸಾಲುಗಳನ್ನು ಗಿಟಾರು ತಾನೂ ಕಲಿತವರ ಹಾಗೆ ತಿರುಗಿ ಹೇಳುತ್ತದೆ. ಈ ಆಲ್ಬಂನಲ್ಲಿ ಗಿಟಾರು ಆಗಾಗ ಪಕ್ಕವಾದ್ಯ. ಮೆಟಲ್ ಗಿಟಾರಿಸ್ಟನೊಬ್ಬ ತಾನೇ ಬರೆದ ಹಾಡಿನಲ್ಲಿ ಹೀಗೆ ಹಿಂದೆ ಸರಿದು ನಿಲ್ಲುವುದು ದೊಡ್ಡ ಮಾತು.

ಧ್ವನಿಮುದ್ರಣ ನಡೆದದ್ದು ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ, ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಊರು. ನಿರ್ಮಾಪಕರಾದ ಸಾಶಾ ಪೇಟ್ ಮತ್ತು ಮಿರೊ ಅಲ್ಲಿನ ಗೇಟ್ ಸ್ಟುಡಿಯೋದಲ್ಲಿ ಕೂತು ಇದನ್ನು ಕಟ್ಟಿದರು. ಮುಂದೆ ಕ್ಯಾಮೆಲಾಟ್‌ನಂಥ ಬ್ಯಾಂಡುಗಳಿಗೂ ಇವರಿಬ್ಬರೇ ಬೇಕಾದರು. ತಂತಿವಾದ್ಯಗಳಲ್ಲಿ ಬಹುಪಾಲು ಕೀಬೋರ್ಡಿನದೇ, ಕೆಲವು ಕಡೆ ಅದು ಕಿವಿಗೆ ಗೊತ್ತಾಗುತ್ತದೆ. ಡ್ರಮ್ ಬಗ್ಗೆಯೂ ನನ್ನ ತಕರಾರಿದೆ. ಎರಡೂ ಕಾಲಿನಿಂದ ಬಾರಿಸುವ ಡಬಲ್ ಬಾಸ್ ಪೆಡಲ್ ಉಸಿರೇ ಬಿಡದೆ ಓಡುತ್ತದೆ, ನಡುನಡುವೆ ಒಂದು ಆವರ್ತ ಬಿಟ್ಟುಕೊಟ್ಟಿದ್ದರೆ ಮೇಳಗಾನ ಇನ್ನೂ ದೊಡ್ಡದಾಗಿ ಕೇಳುತ್ತಿತ್ತು.

ಆದರೆ ಕೊಳಲಿನ ಜಾತಿಯ ರೆಕಾರ್ಡರ್ ಮಾತ್ರ ನಿಜವಾದದ್ದು. ನುಡಿಸಿದವನು ಅಲೆಕ್ಸ್‌ನ ಅಣ್ಣತಮ್ಮಂದಿರಲ್ಲೊಬ್ಬ, ಮಾನುಯೆಲ್ ಸ್ತಾರೊಪೊಲಿ, ಬರೋಕ್ ಸಂಗೀತದವನು. ‘ಹೀರೋಸ್ ಆಫ್ ದ ಲಾಸ್ಟ್ ವ್ಯಾಲಿ’ಯನ್ನು ಹೆಡ್‌ಫೋನಿನಲ್ಲಿ ಕೇಳಿ. ಎರಡೇ ನಿಮಿಷದ್ದು, ಹಾಡೇ ಇಲ್ಲ. ನೀರು ಬೀಳುವ ಸದ್ದು, ಮೆಲ್ಲಗೆ ಊದುವ ವಾದ್ಯ, ಆಮೇಲೆ ಸರ್ ಜೇ ಲ್ಯಾನ್ಸ್‌ಫರ್ಡ್ ದನಿಯಲ್ಲಿ ಕಥನ, ಡ್ರ್ಯಾಗನ್ನಿನ ಪ್ರವೇಶ. ಎರಡು ಬಿರುಸಿನ ಹಾಡು ಮುಗಿದ ಮೇಲೆ ಬರುವ ಈ ನಿಲುಗಡೆ ಇಲ್ಲದಿದ್ದರೆ ಮುಂದಿನದೆಲ್ಲ ಒಂದೇ ಗದ್ದಲ ಆಗುತ್ತಿತ್ತು. ಬಹಳ ಜನ ಇದನ್ನು ದಾಟಿಸಿ ಮುಂದೆ ಹೋಗುತ್ತಾರೆ. ನನಗೆ ಆಲ್ಬಂನ ಬೆನ್ನುಮೂಳೆಯೇ ಇದು.

‘ವಿಂಗ್ಸ್ ಆಫ್ ಡೆಸ್ಟಿನಿ’ಯಲ್ಲಿ ಲಿಯೋನೆ ಪಿಯಾನೊ ಜೊತೆ ಹಾಡುತ್ತಾನೆ. ಅವನ ತಾರಸ್ಥಾಯಿಯನ್ನು ಎಲ್ಲರೂ ಹೊಗಳುತ್ತಾರೆ, ಇಲ್ಲಿ ಅವನ ಕೆಳಗಿನ ದನಿ ಕೇಳಬೇಕು. ಸಾಲಿನ ಕೊನೆಯ ಸ್ವರವನ್ನು ಮೊದಲು ನೇರ ಹಿಡಿದು, ಬಿಡುವ ಮುಂಚೆ ಸ್ವಲ್ಪವೇ ಅಲುಗಾಡಿಸುತ್ತಾನೆ. ನನ್ನ ವಿದ್ಯಾರ್ಥಿಗಳಿಗೆ ಕಮಾನು ಎಳೆಯುವಾಗ ನಾನು ಹೇಳುವುದೂ ಅದನ್ನೇ, ಮೊದಲು ಶ್ರುತಿಯಲ್ಲಿ ನಿಲ್ಲು, ಆಮೇಲೆ ಅಲಂಕಾರ.

ಕೊನೆಯದು ಶೀರ್ಷಿಕೆಯ ಹಾಡು, 13 ನಿಮಿಷ ದಾಟುತ್ತದೆ. ಅದರ ಮೊದಲ ಭಾಗದ ಹೆಸರೇ ಥಾರೋಸ್‌ನ ಕೊನೆಯ ಹಾರಾಟ. ಅಲ್ಲಿಯವರೆಗೆ ಗೆಲುವಿನ ಮೇಲೆ ಗೆಲುವು ಕಂಡ ಆಲ್ಬಂ ಇಲ್ಲಿ ದುಃಖಕ್ಕೆ ಇಳಿಯುತ್ತದೆ. ಹೆಣ್ಣು ದನಿ ಬರುತ್ತದೆ, ಲಯ ನಿಧಾನವಾಗುತ್ತದೆ, ಮೇಳಗಾನ ಮತ್ತೆ ಮೊದಲಿನ ಭಾರಕ್ಕೆ ಮರಳುತ್ತದೆ. ಖಡ್ಗ ಸಿಕ್ಕ ಸಂತೋಷದಲ್ಲೇ ಮುಗಿಸಬಹುದಿತ್ತು. ಹಾಗೆ ಮಾಡದೆ ಅದಕ್ಕೆ ತೆತ್ತ ಬೆಲೆಯನ್ನು ಹಾಡಿದರಲ್ಲ, ಅದಕ್ಕೇ ನಾನು ಇವರ ಪಕ್ಷ.

ಬ್ಯಾಂಡು 2006ರಲ್ಲಿ ಹೆಸರಿನ ಹಕ್ಕಿನ ತೊಡಕಿನಿಂದ ರ‍್ಯಾಪ್ಸೊಡಿ ಆಫ್ ಫೈರ್ ಆಯಿತು, ತುರಿಲ್ಲಿ 2011ರಲ್ಲಿ ಬೇರೆಯಾದ, ಲಿಯೋನೆ 2016ರಲ್ಲಿ ಹೊರಟ. ಇದೇ ಹೆಸರಿನ ಎರಡನೆಯ ಭಾಗ 2004ರಲ್ಲಿ ಬಂತು, ಅದರಲ್ಲಿ ಕಥನ ನಟ ಕ್ರಿಸ್ಟಫರ್ ಲೀ ಅವರದು. ಎಂಬತ್ತು ದಾಟಿದ ಆ ದನಿಗೆ ಸಾಟಿಯಿಲ್ಲ, ವಾದ್ಯಗೋಷ್ಠಿಯೂ ಹಿಂದಿನದಕ್ಕಿಂತ ದೊಡ್ಡದು. ಆದರೂ ಎರಡರಲ್ಲಿ ಒಂದನ್ನು ಆರಿಸು ಅಂದರೆ 1998ರದ್ದೇ. ದೊಡ್ಡ ಆಲ್ಬಂನಲ್ಲಿ ಆ ರೆಕಾರ್ಡರಿನ ಉಸಿರು ಇಷ್ಟು ಹತ್ತಿರದಿಂದ ಕೇಳುವುದಿಲ್ಲ.

ಈಗ ‘ಡಾರ್ಕ್ ಟವರ್’ನ ಹಾರ್ಪ್ಸಿಕಾರ್ಡ್ ಭಾಗವನ್ನು ಎರಡು ಪಿಟೀಲಿಗೆ ಬರೆದುಕೊಳ್ಳುತ್ತಿದ್ದೇನೆ. ನನ್ನ ಹತ್ತಿರ ಕಲಿಯುವ ಒಂಬತ್ತನೇ ತರಗತಿಯ ಹುಡುಗಿ ಮೇಲಿನ ಸಾಲು ಹಿಡಿದಿದ್ದಾಳೆ, “ಮಿಸ್, ಇದು ಕೀರವಾಣಿ ವರ್ಣಕ್ಕಿಂತ ಕೈಗೆ ಕಷ್ಟ” ಅನ್ನುತ್ತಾಳೆ, ಆದರೂ ಬಿಡುತ್ತಿಲ್ಲ. ಆದರೆ ಕೆಳಗಿನ ಸಾಲಿಗೆ ಪಿಟೀಲು ಸಾಲದು, ಅದಕ್ಕಿಂತ ತಗ್ಗು ದನಿಯ ದೊಡ್ಡ ತಂತಿವಾದ್ಯ ಚೆಲ್ಲೋ ಬೇಕು. ಮೈಸೂರಿನಲ್ಲಿ ಚೆಲ್ಲೋ ನುಡಿಸುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ತಿಳಿಸಿ, ಭಾನುವಾರ ಬೆಳಗ್ಗೆ ಅಭ್ಯಾಸ, ಕಾಫಿ ನಮ್ಮ ಮನೆಯದು.