ಕರಪತ್ರದ ಕೊನೆಯ ಸಾಲು ನೋಡಿ

ವಿಧಾನಸಭೆ ಚುನಾವಣೆ ಬಂತೆಂದರೆ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಲ್ಲಿ ಕರಪತ್ರ ತೂರುವುದುಂಟು. ‘ಇಂಥವರು ಕಣದಿಂದ ಹಿಂದೆ ಸರಿದಿದ್ದಾರೆ’ ಅಂತ ಇದ್ದರೆ ನಂಬಲೇಬೇಡಿ. ನಾಮಪತ್ರ ವಾಪಸಿನ ಗಡುವು ಮುಗಿದ ಮೇಲೆ ಹೆಸರು ಯಂತ್ರದಲ್ಲಿ ಇದ್ದೇ ಇರುತ್ತದೆ. ಮೊದಲು ಕೊನೆಯ ಸಾಲು ನೋಡಿ: ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಅದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು. ಹರಿದು ಎಸೆಯಬೇಡಿ. ಚುನಾವಣಾ ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್ ಆ್ಯಪ್‌ನಲ್ಲಿ ಅಲ್ಲೇ ನಿಂತು ಫೋಟೊ ತೆಗೆದು ಕಳಿಸಿ. ಮೊಬೈಲಿನಲ್ಲಿರುವ ಹಳೇ ಫೋಟೊ ಅದಕ್ಕೆ ನಡೆಯುವುದಿಲ್ಲ.

ಇನ್ನೊಂದು ಕುತಂತ್ರ, ಎದುರಾಳಿಯ ಹೆಸರಿನವನನ್ನೇ ಹುಡುಕಿ ಪಕ್ಷೇತರನಾಗಿ ನಿಲ್ಲಿಸುವುದು. 2015ರಿಂದ ಮತಪತ್ರದಲ್ಲಿ ಫೋಟೊ ಇದೆ. ಓದಲು ಬಾರದ ಹಿರಿಯರಿಗೆ ಹೆಸರಿಗಿಂತ ಫೋಟೊ, ಚಿಹ್ನೆ ತೋರಿಸಿ ಹೇಳಿ.

ದುಡ್ಡಿನ ಮಾತು. ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ದೇಣಿಗೆಯಾಗಲಿ ಸ್ವಂತ ಹಣವಾಗಲಿ ಅದರಲ್ಲೇ ಹಾಕಬೇಕು. ಪ್ರಚಾರದ ಖರ್ಚಿಗೆಂದು ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ಇಡೀ ಚುನಾವಣೆಯಲ್ಲಿ ನಗದು ಕೊಡಬಹುದಾದದ್ದು 10,000 ರೂಪಾಯಿ ಮಾತ್ರ. ಲೆಕ್ಕ ತಪ್ಪುವುದು ಹೆಚ್ಚಾಗಿ ಪೆಂಡಾಲಿನಲ್ಲೇ: ಅಭ್ಯರ್ಥಿಯ ರಿಜಿಸ್ಟರಿನಲ್ಲಿ 500 ಕುರ್ಚಿ, ಆಯೋಗದ ವಿಡಿಯೊ ತಂಡದ ಎಣಿಕೆಯಲ್ಲಿ 2,000. ಅಭ್ಯರ್ಥಿಯ ಖರ್ಚನ್ನು ಆಯೋಗದವರು ತಾವೇ ಬೇರೆಯಾಗಿ ಲೆಕ್ಕವಿಡುವ ‘ನೆರಳು ರಿಜಿಸ್ಟರ್’ನಲ್ಲಿ ಜಿಲ್ಲೆಯ ದರಪಟ್ಟಿ ಹಿಡಿದು ಅದನ್ನು ಬರೆದಿಟ್ಟಿರುತ್ತಾರೆ. ಅಭ್ಯರ್ಥಿಯ ಲೆಕ್ಕ ನೋಡುವವರು ನೀವಾದರೆ, ಬಾಡಿಗೆಯವನ ರಸೀದಿಯನ್ನು ಅಂದಂದೇ ಅಂಟಿಸಿಡಿ. ಫಲಿತಾಂಶದಿಂದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು, ಸೋತವರಿಗೂ.